ಅಂಚಿನಲ್ಲಿ ನಿಲ್ಲದ ಗೆನ್ಸುಕೆ

ತಕಾಹಾಮಾ
ಫೆಬ್ರವರಿ 9, 2004

ಇಸುರುಗಿ ದೈಗೊ ಅವರಿಗೆ,

ಚಳಿ ಹೇಗಿದೆ, ಆರೋಗ್ಯ ಹೇಗಿದೆ ಎಂದು ವಿಚಾರಿಸಿ ಪತ್ರ ಶುರು ಮಾಡುವುದು ವಾಡಿಕೆ. ಅದನ್ನು ಬಿಟ್ಟಿದ್ದೇನೆ. ವಿಚಾರಿಸುವ ಮನಸ್ಸಿಲ್ಲ.

ಕಳೆದ ಶನಿವಾರ ನನ್ನ ತಮ್ಮನ ಹೆಂಡತಿ ಫುಸಾಯೆ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಳು. ಕಾಯುವಾಗ ತಿರುವಿ ಹಾಕಿದ ವಾರಪತ್ರಿಕೆಯೊಂದನ್ನು ಅವರನ್ನೇ ಕೇಳಿ ಮನೆಗೆ ತಂದಳು. ನಾನು ಗೂಡಿನಿಂದ ಸುಟ್ಟ ಹೆಂಚು ಇಳಿಸುತ್ತಿದ್ದೆ. ಪುಟವನ್ನು ಮೂಗಿನ ಮುಂದೆ ಹಿಡಿದು, "ಅತ್ತಿಗೆ, ಇದು ಮಾವನ ಕಥೆ ಅಲ್ವಾ? ಇವನ್ಯಾರೋ ತನ್ನದು ಅಂತಿದಾನಲ್ಲ" ಎಂದಳು.

ಇವನ್ಯಾರೋ ಎಂದರೆ ತೊಕುಮೋರಿ. ಹೊಶಿಗಾಕಿ ಕಂಪನಿಯಲ್ಲಿ ನಾವು ವಿಡಿಯೊ ಆಟಗಳನ್ನು ಮಾಡುತ್ತಿದ್ದಾಗ ನಮ್ಮ ವಿಭಾಗದ ಮುಖ್ಯಸ್ಥ, ಈಗ ಕಂಪನಿಯ ನಿರ್ದೇಶಕ. 'ಹೆಂಚಿನ ಮೇಲೆ ಗೆನ್ಸುಕೆ' ಈ ವರ್ಷ ಮೊಬೈಲ್ ಫೋನಿಗೆ ಬರುತ್ತದೆಂದು ಹೇಳಿದ್ದಾನೆ. ಟಿ.ವಿ.ಗೆ ಯಂತ್ರ ಜೋಡಿಸಿ ಆಡುತ್ತಿದ್ದ ಮೂರು ಭಾಗಗಳಾದ ಮೇಲೆ ಇದು ಜೇಬಿನ ಗೆನ್ಸುಕೆಯಂತೆ. ಈ ಆಟ ಹೊಳೆದದ್ದು ಹೇಗೆ ಎಂದು ಪತ್ರಕರ್ತ ಕೇಳಿದ್ದಾನೆ. ಅದಕ್ಕೆ ತೊಕುಮೋರಿಯ ಉತ್ತರ: "ಬುಲೆಟ್ ರೈಲಿನ ಕಿಟಕಿಯಿಂದ ಊರುಗಳ ಛಾವಣಿ ನೋಡ್ತಾ ಕೂತಿದ್ದೆ. ಒಬ್ಬ ಪುಟ್ಟ ಮನುಷ್ಯ ಅವುಗಳ ಮೇಲೆ ಹಾರ್ಕೊಂಡು ನನ್ನ ಜೊತೆಗೇ ಬಂದಂಗಾಯ್ತು."

ನನ್ನ ಅಪ್ಪ ಗೆಂಜೊ ಈ ಊರಿನಲ್ಲಿ ಹೆಂಚು ಹೊದಿಸುವ ಕೆಲಸ ಮಾಡಿಕೊಂಡಿದ್ದ. ಜೊತೆಯವರು ಅವನನ್ನು ಗೆನ್ ಎಂದು ಕರೆಯುತ್ತಿದ್ದರು. ಯಾವ ರೈಲಿನಿಂದಲೂ ಅವನು ಕಾಣುತ್ತಿರಲಿಲ್ಲ. ಬುಲೆಟ್ ರೈಲು ತಕಾಹಾಮಾಕ್ಕೆ ಬರುವುದಿಲ್ಲ.

ಆಗಿನ ನಿಯಮ ನಿಮಗೆ ನೆನಪಿರಬೇಕು. ಬೇರೆ ಕಂಪನಿಗಳು ನಮ್ಮನ್ನು ಎಳೆದುಕೊಳ್ಳಬಾರದೆಂದು ಆಟದ ಕೊನೆಯಲ್ಲಿ ಬರುವ ಹೆಸರುಗಳ ಸಾಲಿನಲ್ಲಿ ನಾವೆಲ್ಲ ಅಡ್ಡಹೆಸರು ಹಾಕಿಕೊಳ್ಳಬೇಕಿತ್ತು. ಪ್ರೋಗ್ರಾಂ ಬರೆದ ನೀವು 'ಹಸಿ ಮೂಲಂಗಿ'. ಆಟವನ್ನು ರೂಪಿಸಿದ ನಾನು 'ಛಾವಣಿ ಬೆಕ್ಕು'. ನಿಜವಾದ ಹೆಸರು ಇದ್ದದ್ದು ತೊಕುಮೋರಿಯದ್ದು ಮಾತ್ರ. ಆಗ ಅದು ತಮಾಷೆಯಾಗಿತ್ತು. ಈಗ ನಾನು ಬಂದು ಇದು ನನ್ನದು ಎಂದರೆ, ಬೆಕ್ಕು ನೀನೇ ಎನ್ನುವುದಕ್ಕೆ ಏನು ಗುರುತು ಎಂದು ಕೇಳುತ್ತಾರೆ.

ಆ ಲೇಖನದಲ್ಲಿ ಇನ್ನೆರಡು ವಿಷಯಗಳಿವೆ. ಫೋನಿನ ಆಟವನ್ನು ಮಾಡುತ್ತಿರುವುದು ಸಪ್ಪೊರೊದಲ್ಲಿರುವ ನಿಮ್ಮ ಸಣ್ಣ ಕಂಪನಿ. ಮತ್ತು ಈ ಬಾರಿ ಎಲ್ಲರ ನಿಜವಾದ ಹೆಸರನ್ನೂ ಹಾಕುತ್ತಾರೆ.

ಹಾಗಾದರೆ ನನ್ನದನ್ನೂ ಹಾಕಿ. ಒಂದೇ ಸಾಲು. ಗೆನ್ಸುಕೆಯನ್ನು ಕಲ್ಪಿಸಿ ರೂಪಿಸಿದವಳು ಕಶಿವಾದೆ ತೊಮೊಯೆ. ಅದು ಸುಳ್ಳಲ್ಲ ಎಂದು ಸಾಕ್ಷಿ ಹೇಳಬಲ್ಲವರು ಈ ದೇಶದಲ್ಲಿ ಇಬ್ಬರೇ. ಇನ್ನೊಬ್ಬರು ನೀವು.

ಇಂತಿ
ಕಶಿವಾದೆ ತೊಮೊಯೆ


ಸಪ್ಪೊರೊ
ಫೆಬ್ರವರಿ 27, 2004

ತೊಮೊಯೆ,

ಒಂದೇ ದಿನ ಕೆಲಸಕ್ಕೆ ಸೇರಿ, ಒಂದೇ ಮೇಜು ಹಂಚಿಕೊಂಡವರು ನಾವು. ನೀನು 'ನೀವು' ಎಂದು ಬರೆದದ್ದನ್ನು ಓದಿದಾಗ ಬೇರೆ ಯಾರಿಗೋ ಬಂದ ಪತ್ರವನ್ನು ತೆರೆದೆನೇನೋ ಎನಿಸಿತು. ನಾನು ನೀನು ಎಂದೇ ಬರೆಯುತ್ತೇನೆ. ಬೇಡವಾದರೆ ಹೇಳು.

ಲೇಖನ ನಾನೂ ಓದಿದ್ದೇನೆ. ಅವನು ಏನಾದರೊಂದು ಹೇಳಲೇಬೇಕು, ಹೇಳಿದ್ದಾನೆ. ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಮ್ಮ ಪರಿಸ್ಥಿತಿ ಹೇಳುತ್ತೇನೆ. ರಾಮೆನ್ ನೂಡಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಐದು ಜನ ಕೆಲಸ ಮಾಡುತ್ತೇವೆ. ಹೊಶಿಗಾಕಿ ಕೊಟ್ಟ ಕೆಲಸ ಬಿಟ್ಟರೆ ಈ ವರ್ಷ ಬೇರೆ ಕೆಲಸವಿಲ್ಲ. ಹೆಸರುಗಳ ಪಟ್ಟಿ ಟೋಕಿಯೊದಿಂದ ಸಿದ್ಧವಾಗಿ ಬರುತ್ತದೆ. ನಾವು ಅದನ್ನು ಹಾಗೆಯೇ ಸೇರಿಸುತ್ತೇವೆ. ಬಂದಿರುವ ಪಟ್ಟಿಯಲ್ಲಿ 'ಮೂಲ ಕಲ್ಪನೆ' ಎನ್ನುವುದರ ಎದುರು ತೊಕುಮೋರಿಯ ಹೆಸರಿದೆ. ನಿನ್ನ ಬಗ್ಗೆ ಅಲ್ಲಿನ ಹುಡುಗಿಯೊಬ್ಬಳನ್ನು ಮೆಲ್ಲಗೆ ವಿಚಾರಿಸಿದೆ. "ಬಿಟ್ಟು ಹೋದವ್ರ ಹೆಸರು ಹಾಕೋ ಪದ್ಧತಿ ನಮ್ಮಲ್ಲಿಲ್ಲ ಸಾರ್" ಎಂದಳು. ಮೂರನೆಯ ಭಾಗ ಮುಗಿಯುವ ಮೊದಲೇ ನೀನು ಕೆಲಸ ಬಿಟ್ಟದ್ದು ಅವರಿಗೆ ಅನುಕೂಲವಾಗಿದೆ. ಯಾಕೆ ಬಿಟ್ಟೆ ಎನ್ನುವುದು ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ.

ಸ್ವಲ್ಪ ತಾಳ್ಮೆಯಿಂದಿರು. ಆಟ ಹೊರಗೆ ಬಂದ ಮೇಲೆ ಸಮಯ ನೋಡಿ ನಾನೇ ಮಾತಾಡುತ್ತೇನೆ.

ಇಲ್ಲಿ ಹಿಮ ಇನ್ನೂ ಕರಗಿಲ್ಲ.

ನಿನ್ನ
ದೈಗೊ


ತಕಾಹಾಮಾ
ಮಾರ್ಚ್ 5, 2004

ಇಸುರುಗಿ,

ಸರಿ, ನೀನು ಎಂದೇ ಬರೆಯುತ್ತೇನೆ. ಬೈಯಲು ಅದೇ ಅನುಕೂಲ.

ಸಮಯ ನೋಡಿ ಮಾತಾಡುತ್ತೀಯಾ? ಮೊದಲನೆಯ ಭಾಗ ಮುಗಿದ ವಾರ ಟೋಕಿಯೊ ಆಫೀಸಿನ ಆ ಸಭೆ ನೆನಪು ಮಾಡಿಕೋ. ಮಾಲೀಕರು ಆಟ ಆಡಿ ನೋಡಿದರು. ಗೆನ್ಸುಕೆ ಛಾವಣಿಯ ಅಂಚಿಗೆ ಬಂದು, ಕಾಲ್ಬೆರಳು ಹೊರಚಾಚಿ, ಕೈ ಅಗಲಿಸಿ ತೂಗಾಡಿದ. ಅವರು ನಕ್ಕುಬಿಟ್ಟರು. "ಇದು ಚೆನ್ನಾಗಿದೆ. ಯಾರ್ದು ಇದು?" ಎಂದರು. ತೊಕುಮೋರಿ ತಲೆ ತಗ್ಗಿಸಿ, "ಹೀಗೇ ಹೊಳೀತು ಸಾರ್" ಎಂದ. ನಾನು ಮಾತಾಡುವ ಹಾಗಿರಲಿಲ್ಲ. ಚಹಾ ತಂದಿಟ್ಟು ಗೋಡೆ ಪಕ್ಕ ನಿಂತಿದ್ದೆ. ಆ ಕೋಣೆಯಲ್ಲಿ ಹೆಂಗಸರಿಗೆ ಕುರ್ಚಿ ಇರಲಿಲ್ಲ. ನೀನು ಕುರ್ಚಿಯಲ್ಲಿ ಕೂತಿದ್ದೆ. ನಿನ್ನ ಮುಂದಿದ್ದ ಬೂದಿಬಟ್ಟಲನ್ನು ನೋಡುತ್ತಾ ಕೂತಿದ್ದೆ. ಆಗಲೂ ನೀನು ಸಮಯ ನೋಡುತ್ತಿದ್ದೆ ಎಂದು ಕಾಣುತ್ತದೆ.

ಆ ತೂಗಾಟ ಎಲ್ಲಿಂದ ಬಂತೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನನ್ನು ಊರಿಗೆ ಕರೆತಂದವಳು ನಾನು. ನೀನು ಚರ್ಮದ ಬೂಟು ಹಾಕಿಕೊಂಡು ಏಣಿ ಹತ್ತಲು ಹೊರಟಿದ್ದೆ. ಅಪ್ಪ ಮೇಲಿನಿಂದಲೇ ಕೂಗಿದ: "ಲೋ ಪಟ್ಟಣದ ಮರಿ, ಆ ದೋಣಿ ಬಿಚ್ಚಿಟ್ಟು ಬಾರೋ. ಸಾಯೋದಿದ್ರೆ ಪಕ್ಕದ್ಮನೆ ಮೇಲೆ ಹತ್ತು." ಹೆಬ್ಬೆರಳು ಬೇರೆಯಾಗಿರುವ ತನ್ನ ಬಟ್ಟೆ ಬೂಟನ್ನು ಕೆಳಗೆ ಎಸೆದ. ನೀನು ಅಂಚಿಗೆ ಬಂದಾಗ ನಡುಗುತ್ತಿದ್ದೆ. "ಕೆಳಗ್ ನೋಡ್ಬೇಡ. ಕಣ್ಣಿಗೆ ಕೆಲ್ಸ ಇಲ್ಲ ಇಲ್ಲಿ. ಬೆರಳಿಗೆ ಕೇಳು, ಅಂಚು ಎಲ್ಲಿದೆ ಅಂತ ಅದು ಹೇಳುತ್ತೆ. ಹೇಳೋವರ್ಗೂ ಸುಮ್ನೆ ನಿಲ್ಲು." ನೀನು ನಿಂತೆ. ಕೈ ಅಗಲಿಸಿಕೊಂಡು ತೂಗಾಡುತ್ತಾ ನಿಂತೆ. ಅದನ್ನು ನೋಡಿ ಅದೇ ರಾತ್ರಿ ನಾನು ಗೆನ್ಸುಕೆಯನ್ನು ಬರೆದೆ.

ಅಪ್ಪ ಹೋದಾಗ ನೀನು ಅಂಚೆಯಲ್ಲಿ ಕಾರ್ಡು ಕಳಿಸಿದೆ. ಬರಲಿಲ್ಲ.

ಹಿಮದ ಸುದ್ದಿ ನನಗೆ ಬರೆಯಬೇಡ.

ಕಶಿವಾದೆ


ಸಪ್ಪೊರೊ
ಜೂನ್ 18, 2004

ತೊಮೊಯೆ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಒಳ್ಳೆಯದೇನೂ ಇರಲಿಲ್ಲ. ಈಗ ಇದೆ.

ಮೊದಲು ಕೆಟ್ಟದ್ದು ಹೇಳಿಬಿಡುತ್ತೇನೆ. ನಾವು ಆಟವನ್ನು ಕಂಪ್ಯೂಟರಿನ ಮೇಲೆ ಮಾಡಿದೆವು. ಅದರಲ್ಲಿ ಫೋನಿನಂತೆಯೇ ನಡೆಯುವ ಪುಟ್ಟ ಪರದೆಯೊಂದಿದೆ. ದಿನವೂ ಅದರಲ್ಲೇ ಆಡಿ ನೋಡುತ್ತಿದ್ದೆವು. ಒಂದು ಬೆರಳಲ್ಲಿ ಓಟದ ಗುಂಡಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಜಿಗಿತದ ಗುಂಡಿ ಒತ್ತಿದರೆ ಗೆನ್ಸುಕೆ ಥೇಟ್ ಹಳೆಯ ಗೆನ್ಸುಕೆಯೇ. ಏಪ್ರಿಲ್ ಕೊನೆಯಲ್ಲಿ ನಿಜವಾದ ಫೋನುಗಳು ಬಂದವು. ಒಂದಕ್ಕೆ ಆಟ ಹಾಕಿ ಆಡಿದೆವು. ಗೆನ್ಸುಕೆ ಓಡಿದ, ಜಿಗಿಯಲಿಲ್ಲ. ನಮ್ಮ ಹುಡುಗ ಕಾಗೆಯಾಮಾ, "ಫೋನ್ ಕೆಟ್ಟಿದೆ ಸಾರ್" ಎಂದ. ಇನ್ನೊಂದು ಫೋನ್ ತೆಗೆದ. ಅದೂ ಹಾಗೆಯೇ. ಫೋನ್ ಕೆಟ್ಟಿರಲಿಲ್ಲ. ಫೋನಿಗೆ ಒಂದು ಸಲಕ್ಕೆ ಒಂದೇ ಗುಂಡಿ ತಿಳಿಯುತ್ತದೆ. ನಂಬರ್ ಒತ್ತಲು ಎರಡು ಗುಂಡಿ ಒಟ್ಟಿಗೆ ಯಾಕೆ ಬೇಕು ಹೇಳು? ಇಷ್ಟು ವರ್ಷ ಆಟ ಮಾಡಿದವರು ನಾವು ಐದೂ ಜನ, ಯಾರಿಗೂ ಅದು ಮೊದಲೇ ಹೊಳೆಯಲಿಲ್ಲ.

ಸಮಯವಿರಲಿಲ್ಲ. ಓಟವನ್ನು ಗೆನ್ಸುಕೆಗೇ ಬಿಟ್ಟೆವು. ಅವನು ತಾನೇ ಓಡುತ್ತಾನೆ, ಆಡುವವನು ಜಿಗಿಸಿದರೆ ಸಾಕು. ಓಟ ನಿಲ್ಲುವುದೇ ಇಲ್ಲವಾದ್ದರಿಂದ ಅಂಚಿನ ತೂಗಾಟ ಬೇಕಾಗಲಿಲ್ಲ. ಫೋನಿನಲ್ಲಿ ಜಾಗವೂ ಬಹಳ ಕಡಿಮೆ. ಅದನ್ನು ತೆಗೆದೆವು.

ಈಗ ಒಳ್ಳೆಯದು. ಹೋದ ವಾರ ತೊಕುಮೋರಿ ಇಲ್ಲಿಗೆ ಬಂದಿದ್ದ. ಕುರಿಮಾಂಸ ಸುಡುವ ಅಂಗಡಿಗೆ ಕರೆದುಕೊಂಡು ಹೋದೆ. ತಿನ್ನುತ್ತಾ ಅವನೇ ಮಾತು ತೆಗೆದ.

"ಏನಯ್ಯಾ ಮೂಲಂಗಿ, ಆ ಬೆಕ್ಕು ಈಗ ಎಲ್ಲಿದೆ?"

"ಊರಲ್ಲಿದಾಳೆ. ತಮ್ಮನ ಜೊತೆ ಹೆಂಚು ಸುಡ್ತಾಳೆ."

"ಬದುಕಿದಾಳೆ ತಾನೆ? ಹಾಗಾದ್ರೆ ಅವಳ ಹೆಸರು ಹಾಕ್ಬಿಡು. ಮೂಲ ಕಲ್ಪನೆ, ರಚನೆ, ಎಲ್ಲಾ ಅವಳ್ದೇ ಅಂತ ಹಾಕು. ದಪ್ಪಗೆ. ಆಟ ಶುರುವಾಗೋವಾಗ್ಲೇ ಬರ್ಲಿ. ನಂದು ತೆಗೆದ್ಬಿಡು."

ಹಾಕಿದ್ದೇನೆ ತೊಮೊಯೆ. ಈ ಪತ್ರದ ಜೊತೆ ಒಂದು ಫೋನ್ ಕಳಿಸುತ್ತಿದ್ದೇನೆ, ಆಟ ಅದರಲ್ಲಿದೆ. ತೆರೆದ ಕೂಡಲೇ ನಿನ್ನ ಹೆಸರು ಕಾಣುತ್ತದೆ. ಜಾಹೀರಾತಿನಲ್ಲೂ ಅದೇ ಹೆಸರು ಬರುತ್ತದಂತೆ. ನೀನು ಕೇಳಿದ್ದು ಒಂದು ಸಾಲು, ಸಿಕ್ಕಿದ್ದು ಇಡೀ ಪರದೆ.

ಈಗಲಾದರೂ ಕೋಪ ಬಿಡುತ್ತೀಯೆಂದು ನಂಬಿದ್ದೇನೆ.

ದೈಗೊ


ತಕಾಹಾಮಾ
ಜೂನ್ 30, 2004

ಇಸುರುಗಿ,

ಫೋನ್ ಬಂತು. ಹೆಸರೂ ಕಂಡಿತು. ಕಂಡ ಕೂಡಲೇ ಎದೆ ತುಂಬಿತು, ಸುಳ್ಳು ಹೇಳುವುದಿಲ್ಲ. ಫುಸಾಯೆಯನ್ನು ಕೂಗಿದೆ, ತಮ್ಮನನ್ನು ಕೂಗಿದೆ. ಅಂಗಳದಲ್ಲಿ ಕೆಲಸ ಮಾಡುತ್ತಿದ್ದವರೂ ಬಂದು ಸುತ್ತ ನಿಂತರು. ಆಮೇಲೆ ಆಟ ಶುರು ಮಾಡಿದೆ.

ನಿಮ್ಮ ಗೆನ್ಸುಕೆ ಓಡಿದ. ಅಂಚು ಬಂತು. ನಿಲ್ಲಲಿಲ್ಲ. ಬಿದ್ದ. ಮತ್ತೆ ಶುರು ಮಾಡಿದೆ. ಓಡಿದ, ಬಿದ್ದ. ಗುಂಡಿ ಒತ್ತಿದರೆ ಹೊತ್ತಿಗೆ ಮುಂಚೆ ಜಿಗಿದು ಬೀಳುತ್ತಾನೆ, ಒತ್ತದಿದ್ದರೆ ಜಿಗಿಯದೆ ಬೀಳುತ್ತಾನೆ. ಬೀಳುವಾಗ ಅವನ ಮುಖದಲ್ಲಿ ನಗು ಇದೆ. ಆ ನಗುವಿಗೆ ಮಾತ್ರ ಫೋನಿನಲ್ಲಿ ಜಾಗ ಸಿಕ್ಕಿತು.

ನನ್ನ ತಮ್ಮ ಫೋನ್ ಇಸಿದುಕೊಂಡ. ಎರಡು ಸಲ ಆಡಿ ನನ್ನ ಕೈಗೇ ಕೊಟ್ಟ. "ಅಕ್ಕ, ಇದು ಅಪ್ಪನಾ?" ಎಂದ. ಗೂಡಿನ ಕಡೆ ಹೋದ. ಸುತ್ತ ನಿಂತಿದ್ದವರೂ ಚದುರಿದರು. ಇಲ್ಲಿ ಎಲ್ಲರಿಗೂ ಅಪ್ಪ ಗೊತ್ತು. ಎಪ್ಪತ್ತು ಹತ್ತಿರ ಬರುವವರೆಗೂ ಛಾವಣಿಯ ಮೇಲಿದ್ದವನು ಬಿದ್ದದ್ದು ಒಂದೇ ಒಂದು ಸಲ. ಆ ಒಂದು ಸಲ ಸಾಕಾಯಿತು. ನಾನು ಟೋಕಿಯೊ ಬಿಟ್ಟು ಬಂದು ಐದು ವರ್ಷ ಅವನ ಬಾಯಿಗೆ ಗಂಜಿ ಇಟ್ಟೆ. ನಿಮ್ಮ ಫೋನಿನಲ್ಲಿ ಒಂದು ನಿಮಿಷಕ್ಕೆ ಅವನು ಎಷ್ಟು ಸಲ ಬೀಳುತ್ತಾನೋ ನೀನೇ ನೋಡು. ಅದರ ಮೇಲೆ ನನ್ನ ಹೆಸರು, ದಪ್ಪಗೆ.

ತೊಕುಮೋರಿ ಯಾಕೆ ಕೊಟ್ಟ ಎಂದು ನಿನಗೆ ಗೊತ್ತಾಗಲಿಲ್ಲವೇ? ಗೊತ್ತಾಗದಷ್ಟು ದಡ್ಡನಲ್ಲ ನೀನು. ಅವನು ಆಟ ಆಡಿ ನೋಡಿದ. ಇದು ಮುಳುಗುತ್ತದೆ ಎಂದು ಅವನಿಗೆ ತಿಳಿಯಿತು. ಮೂರು ಭಾಗ ಚೆನ್ನಾಗಿ ನಡೆದಾಗ ಗೆನ್ಸುಕೆ ಅವನ ಕೂಸು. ನಾಲ್ಕನೆಯದು ಸತ್ತು ಹುಟ್ಟಿದಾಗ ಅದಕ್ಕೊಬ್ಬ ತಾಯಿ ಬೇಕು. ಹೆಂಚು ಸುಡುವವಳೊಬ್ಬಳು ಇದ್ದಾಳಲ್ಲ, ಎಲ್ಲ ಅವಳದೇ.

ಇನ್ನೊಂದು ಪ್ರಶ್ನೆ. ಕುರಿಮಾಂಸದ ಅಂಗಡಿಯಲ್ಲಿ ಅವನು ಹೇಳಿದ್ದನ್ನೆಲ್ಲ ಬರೆದಿದ್ದೀಯ. ಹೆಸರು ಹಾಕು ಎಂದದ್ದಕ್ಕೆ ನೀನು ಏನು ಹೇಳಿದೆ ಎಂದು ಬರೆದಿಲ್ಲ. ನನ್ನ ಹೆಸರನ್ನು ನೀನು ಕೇಳಿದೆಯೋ, ಅವನೇ ಎಸೆದನೋ?

ನನ್ನ ಹೆಸರು ತೆಗೆ. ಇವತ್ತೇ ತೆಗೆ.

ಕಶಿವಾದೆ


ಸಪ್ಪೊರೊ
ಜುಲೈ 10, 2004

ತೊಮೊಯೆ,

ಅವನೇ ಎಸೆದ. ನಾನು ಕೇಳಲಿಲ್ಲ. ಅದಕ್ಕೆ ನಾನು ಹೇಳಿದ್ದು "ಹಾಗೇ ಆಗ್ಲಿ" ಎಂದು ಮಾತ್ರ.

ನಿನ್ನ ಪತ್ರ ಓದಿದ ಮೇಲೆ ಅವನಿಗೆ ಫೋನ್ ಮಾಡಿದೆ. ಹುಡುಗರು ಸುತ್ತ ಕೂತಿದ್ದರು. ಹೊರಗೆ ಹೋಗಿ ಮಾತಾಡಬಹುದಿತ್ತು, ಹೋಗಲಿಲ್ಲ.

"ಕಶಿವಾದೆ ಹೆಸರು ತೆಗೀತಿದೀನಿ" ಎಂದೆ.

"ತೆಗೆಯೋಕಾಗಲ್ಲ. ಜಾಹೀರಾತು ಅಚ್ಚಾಗಿದೆ. ಯಾಕೆ, ಬೆಕ್ಕಿಗೆ ಹಾಲು ರುಚಿಸ್ಲಿಲ್ವಾ?"

"ಅಂಚಿನ ತೂಗಾಟ ಅವಳು ಮಾಡಿದ್ದು. ಅವಳಪ್ಪ ಹೇಳ್ಕೊಟ್ಟಿದ್ದನ್ನ ನೋಡಿ ಮಾಡಿದ್ದು. ನಿಮ್ಮ ರೈಲೂ ಇಲ್ಲ, ಕಿಟಕಿನೂ ಇಲ್ಲ. ಅವತ್ತು ಸಭೇಲಿ ನೀವು ಹೇಳಿದ್ದು ಸುಳ್ಳು. ನಾನಲ್ಲೇ ಇದ್ದೆ."

ಅವನು ನಕ್ಕ. "ಹೌದಪ್ಪಾ. ಅದಕ್ಕೇ ಅವಳ ಹೆಸರು ಹಾಕಿದೀವಲ್ಲ. ಈಗೇನು ನಿಂದು ತಕರಾರು?"

ಹದಿಮೂರು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಹೇಳಿದೆ. ಅವನು ಅದನ್ನು ಉಪಕಾರದ ಲೆಕ್ಕಕ್ಕೆ ಬರೆದುಕೊಂಡ.

ಫೋನ್ ಸೇವೆಯ ಕಂಪನಿಯವರೂ ಆಟವನ್ನು ಆಡಿ ವಾಪಸು ಕಳಿಸಿದ್ದಾರೆ. ತುಂಬ ಬೀಳುತ್ತಾನೆ, ಸರಿಮಾಡಿ ಎಂದಿದ್ದಾರೆ. ಆಗಸ್ಟ್ ಕೊನೆಯವರೆಗೆ ಅವಕಾಶವಿದೆ. ಜಿಗಿತದ ಎತ್ತರ ಬದಲಾಯಿಸಿದೆವು, ಓಟ ನಿಧಾನ ಮಾಡಿದೆವು, ಛಾವಣಿಗಳನ್ನು ಹತ್ತಿರ ತಂದೆವು. ಬೀಳುವುದು ಕಡಿಮೆಯಾಯಿತು. ಆಟ ಸತ್ತುಹೋಯಿತು. ಕಾಗೆಯಾಮಾ ಕೂಡ ಆಡುತ್ತಾ ಆಕಳಿಸುತ್ತಾನೆ.

ಈಗ ನನ್ನ ಮಾತನ್ನೂ ಸ್ವಲ್ಪ ಕೇಳು. ಫೆಬ್ರವರಿಯಿಂದ ನಿನ್ನ ಬೈಗುಳ ಓದುತ್ತಿದ್ದೇನೆ. ಎಲ್ಲವೂ ನನಗೆ ಸಲ್ಲಬೇಕಾದದ್ದೇ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಪತ್ರದಲ್ಲಾದರೂ ಗೆನ್ಸುಕೆಯನ್ನು ಏನು ಮಾಡಬೇಕೆಂದು ಬರೆದೆಯಾ? ಹೆಸರು ಹಾಕು, ಹೆಸರು ತೆಗೆ. ಎರಡೇ. ಆಟ ನಿನ್ನದು ಎನ್ನುತ್ತೀಯ. ಹಾಗಾದರೆ ಅವನು ಬೀಳುವಾಗ ನೀನು ಎಲ್ಲಿದ್ದೀಯ? ಅಂಗಳದಲ್ಲಿ ನಿಂತು ನೋಡಿ, ಅಪ್ಪನಿಗೆ ಅವಮಾನವಾಯಿತೆಂದು ಪತ್ರ ಬರೆಯುವುದು ಯಾರಿಂದಲಾದರೂ ಆಗುತ್ತದೆ. ನನಗಿರುವುದು ಒಂದು ಗುಂಡಿ. ಒಂದೇ ಗುಂಡಿಯಲ್ಲಿ ಅವನನ್ನು ಅಂಚಿನಲ್ಲಿ ನಿಲ್ಲಿಸುವುದು ಹೇಗೆ? ಗೊತ್ತಿದ್ದರೆ ಹೇಳು. ಗೊತ್ತಿಲ್ಲದಿದ್ದರೆ ನನಗೂ ನಿನಗೂ ತೊಕುಮೋರಿಗೂ ವ್ಯತ್ಯಾಸವೇನೂ ಇಲ್ಲ, ಮೂವರೂ ಹೆಸರಿಗಾಗಿ ಕಿತ್ತಾಡುತ್ತಿದ್ದೇವೆ ಅಷ್ಟೆ.

ಇದನ್ನು ಮತ್ತೆ ಓದಿದರೆ ಕಳಿಸುವುದಿಲ್ಲ. ಹಾಗೇ ಕಳಿಸುತ್ತಿದ್ದೇನೆ.

ಇಸುರುಗಿ


ತಕಾಹಾಮಾ
ಜುಲೈ 15, 2004

ಇಸುರುಗಿ,

ಅಂತೂ ನಿನಗೂ ಕೋಪ ಬರುತ್ತದೆ. ಒಳ್ಳೆಯದು. ನಿನ್ನ ಪತ್ರ ಓದಿ ಅದನ್ನು ಮುದುರಿ ಒಲೆಗೆ ಹಾಕಲು ಎದ್ದೆ. ಹಾಕುವ ಮೊದಲು ಮತ್ತೊಮ್ಮೆ ಓದಿದೆ. ಆಮೇಲೆ ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಆ ಫೋನಿನ ಮುಂದೆ ಕೂತೆ. ಫುಸಾಯೆ ಊಟದ ತಟ್ಟೆ ಬಾಗಿಲ ಬಳಿ ಇಟ್ಟು, "ಅತ್ತಿಗೆ, ಜಗಳ ಆಡೋಕೂ ಹೊಟ್ಟೇಲಿ ಏನಾದ್ರೂ ಇರ್ಬೇಕು" ಎಂದು ಹೇಳಿ ಹೋದಳು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು.

ನೀವು ಆ ಒಂದು ಗುಂಡಿಯನ್ನು ತಪ್ಪು ಕೆಲಸಕ್ಕೆ ಇಟ್ಟಿದ್ದೀರಿ. ಓಡುತ್ತಿರುವವನನ್ನು ಜಿಗಿಸಲು ಇಟ್ಟಿದ್ದೀರಿ. ಓಟ ಅವನದೇ ಆಗಿರಲಿ, ಅದು ಸರಿ. ಆದರೆ ನಿಲ್ಲುವುದೂ ಅವನದೇ ಆಗಬೇಕು. ಅಂಚು ಬಂದಾಗ ಆಡುವವನು ಏನೂ ಮಾಡದಿದ್ದರೂ ಗೆನ್ಸುಕೆ ತಾನೇ ನಿಲ್ಲಬೇಕು. ಹೆಂಚು ಹೊದಿಸುವವನು ಅಂಚು ಬಂದರೂ ಓಡುತ್ತಲೇ ಇರುವುದು ಎಲ್ಲಾದರೂ ಉಂಟೇ? ನಿಲ್ಲಲಿ, ತೂಗಾಡಲಿ. ಈಗ ಗುಂಡಿ. ಒತ್ತಿ ಹಿಡಿದಷ್ಟು ಹೊತ್ತು ಅವನು ಮೊಣಕಾಲು ಬಾಗಿಸುತ್ತಾ ಮುಂದಕ್ಕೆ ವಾಲಬೇಕು. ಬಿಟ್ಟಾಗ ಹಾರಬೇಕು. ಬೇಗ ಬಿಟ್ಟರೆ ಹತ್ತಿರದ ಛಾವಣಿ. ತಡೆದು ಬಿಟ್ಟರೆ ದೂರದ್ದು. ಆಸೆಗೆ ಬಿದ್ದು ಇನ್ನೂ ತಡೆದರೆ ಕಾಲು ಜಾರುತ್ತದೆ. ಆಗ ಬಿದ್ದರೆ ಅದು ಗೆನ್ಸುಕೆಯ ತಪ್ಪಲ್ಲ, ಆಡುವವನ ತಪ್ಪು. ಬಿದ್ದವನಿಗೆ ಆ ತಪ್ಪು ಗೊತ್ತಾಗಬೇಕು, ತಕ್ಷಣ ಮತ್ತೆ ಆಡಬೇಕೆನಿಸಬೇಕು. ಒಂದೇ ಗುಂಡಿ, ಎರಡನೆಯದು ಬೇಕಿಲ್ಲ.

ಜಾಗವಿಲ್ಲ ಎನ್ನುತ್ತೀಯ. ಆರಂಭದಲ್ಲಿ ಕಂಪನಿಯ ಲಾಂಛನ ಗಿರಗಿರ ತಿರುಗುತ್ತದಲ್ಲ, ಅದನ್ನು ತೆಗೆ. ಮೋಡಗಳನ್ನು ತೆಗೆ. ಬೀಳುವಾಗಿನ ಆ ನಗುವನ್ನು ಎಲ್ಲಕ್ಕಿಂತ ಮೊದಲು ತೆಗೆ.

ಇದನ್ನು ಓದಿದ ಕೂಡಲೇ ನೀನು ಎಷ್ಟು ಹೊತ್ತು ತೂಗಾಡಬೇಕು, ಎಷ್ಟು ವಾಲಿದರೆ ಜಾರಬೇಕು ಎಂದು ಕೇಳಿ ಬರೆಯುತ್ತೀಯ. ಅದು ಕಾಗದದ ಮೇಲೆ ಹೇಳುವಂಥದ್ದಲ್ಲ. ಕಣ್ಣಲ್ಲಿ ನೋಡಿ, ತಿದ್ದಿ, ಮತ್ತೆ ನೋಡಿ ತಿದ್ದಬೇಕು. ಅದಕ್ಕೆ ಸೋಮವಾರ ನಾಗೊಯಾದಿಂದ ವಿಮಾನ ಹತ್ತುತ್ತಿದ್ದೇನೆ. ಗೂಡು ಯಾರು ನೋಡಿಕೊಳ್ಳುತ್ತಾರೆ ಎಂದು ತಮ್ಮ ಕೇಳಿದ. ನೀನೇ ಎಂದು ಅವನಿಗೆ ಹೇಳಿದೆ.

ಕೆಲವು ಮಾತು ಈಗಲೇ ಹೇಳಿಬಿಡುತ್ತೇನೆ. ವಿಮಾನ ನಿಲ್ದಾಣಕ್ಕೆ ಬರಬೇಡ. ನಿಮ್ಮ ಕೋಣೆಯಲ್ಲಿ ನನಗೊಂದು ಮೇಜು ಮತ್ತು ಕುರ್ಚಿ ಇರಲಿ. ಆ ಹುಡುಗ ಕಾಗೆಯಾಮಾ ನನ್ನ ಪಕ್ಕ ಕೂರಲಿ, ನೀನಲ್ಲ. ಸಭೆಯ ವಿಷಯ, ಅಪ್ಪನ ವಿಷಯ ತೆಗೆದು ಕಣ್ಣೀರು ಹಾಕಬೇಡ. ನೀನು ತೊಕುಮೋರಿಗೆ ಹೇಳಿದ್ದನ್ನು ಓದಿದೆ. ಅದು ಹದಿಮೂರು ವರ್ಷ ತಡ. ತಡವಾದದ್ದಕ್ಕೆ ನಾನು ಕೈಮುಗಿಯುವುದಿಲ್ಲ.

ನನ್ನ ಹೆಸರು ತೆಗೆಯಬೇಡ. ದಪ್ಪಗೆ ಇದ್ದದ್ದು ಹಾಗೇ ಇರಲಿ. ಬೈಸಿಕೊಳ್ಳಲು ತೊಕುಮೋರಿಗೊಂದು ಹೆಸರು ಬೇಕಾಗಿತ್ತು, ನನ್ನದನ್ನು ಕೊಟ್ಟಿದ್ದೇನೆ. ಬೈಯುವವರು ಬೈಯಲಿ. ಆದರೆ ನಾನು ಮಾಡಿದ ಆಟವನ್ನು ಆಡಿ ಬೈಯಲಿ.

ಕಶಿವಾದೆ ತೊಮೊಯೆ